ಹಳೆ ಪದ್ಮಿನಿಯ ಸ್ಟೀರಿಂಗ್ ಆಡುತ್ತಿದೆಯಾ? ಬಾಕ್ಸ್‌ಗೆ ಕೈ ಹಾಕುವ ಮುನ್ನ ನೋಡಬೇಕಾದದ್ದು

ಚಿಕ್ಕಪ್ಪನ 1978ರ ಪ್ರೀಮಿಯರ್ ಪದ್ಮಿನಿ ನನ್ನ ಕೈಗೆ ಬಂದಾಗ ಅದರ ಸ್ಟೀರಿಂಗ್ ಒಂದು ಮಾತು ಹೇಳಿದರೆ ಚಕ್ರ ಇನ್ನೊಂದು ಕೇಳಿಸಿಕೊಳ್ಳುತ್ತಿತ್ತು. ಬಲಕ್ಕೆ ತಿರುಗಿಸಿದರೆ ಗಾಡಿ ಸ್ವಲ್ಪ ಯೋಚಿಸಿ ಆಮೇಲೆ ಹೊರಳುತ್ತಿತ್ತು. ಮೈಸೂರಿನಿಂದ ನಂಜನಗೂಡಿಗೆ ನೇರ ರಸ್ತೆಯಲ್ಲಿ ಹೋಗುವಾಗಲೂ ಕೈ ಸುಮ್ನೆ ಇರುವ ಹಾಗಿಲ್ಲ. ಎಡ, ಬಲ, ಎಡ, ಬಲ. ಪಕ್ಕದಲ್ಲಿ ಕೂತ ಮಗಳು "ಅಪ್ಪಾ, ಹಳೇ ಸಿನಿಮಾದಲ್ಲಿ ಕಾರು ಓಡಿಸೋ ಥರ ಓಡಿಸ್ತಿದೀಯ" ಅಂದಳು.

ಒಂದು ಗ್ಯಾರೇಜಿಗೆ ಬಿಟ್ಟೆ. ಸಂಜೆ ಹೋದರೆ ಕೆಲಸ ಮುಗಿದಿತ್ತು. "ಬಾಕ್ಸ್ ಟೈಟ್ ಮಾಡಿದೀವಿ ಸಾರ್, ಇನ್ನು ಆಡಲ್ಲ" ಅಂದರು. ಬಾಕ್ಸ್ ಅಂದರೆ ಸ್ಟೀರಿಂಗ್ ತಿರುವನ್ನು ಚಕ್ರಗಳ ಕಡೆ ದಾಟಿಸುವ ಗೇರ್ ಪೆಟ್ಟಿಗೆ. ನಿಜ, ನಿಂತಲ್ಲಿ ಆಡಲಿಲ್ಲ. ಆದರೆ ಮೊದಲ ಸರ್ಕಲ್‌ನಲ್ಲಿ ತಿರುಗಿಸಿದೆನಲ್ಲ, ಸ್ಟೀರಿಂಗ್ ತಿರುಗಿದ ಕಡೆಯೇ ನಿಂತುಬಿಟ್ಟಿತು. ತಾನಾಗಿ ವಾಪಸ್ ಬರಲೇ ಇಲ್ಲ. ಎರಡೂ ಕೈಯಲ್ಲಿ ಎಳೆದು ನೇರ ಮಾಡಿಕೊಳ್ಳುವಷ್ಟರಲ್ಲಿ ಫುಟ್‌ಪಾತ್ ಹತ್ತಿರ ಬಂದಿತ್ತು. ಮೊದಲಿದ್ದ ಸಡಿಲವೇ ವಾಸಿ ಅನ್ನಿಸಿತು.

ಆಮೇಲೆ ನಾಲ್ಕು ಭಾನುವಾರ ಗಾಡಿ ಕೆಳಗೆ ಮಲಗಿ, ಗೊತ್ತಿರುವವರನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹಳೆ ಕಾರಿನ ಸ್ಟೀರಿಂಗ್ ಆಟ ಒಂದೇ ಜಾಗದಲ್ಲಿ ಇರುವುದಿಲ್ಲ. ಹತ್ತು ಜಾಗದಲ್ಲಿ ಚೂರು ಚೂರು ಸವೆದು, ಅದೆಲ್ಲ ಚಿಲ್ಲರೆ ಕೂಡಿದ ಹಾಗೆ ಕೂಡಿ ನಿಮ್ಮ ಕೈಗೆ ಬರುತ್ತದೆ. ಅಷ್ಟನ್ನೂ ಬಾಕ್ಸ್ ಮೇಲಿನ ಒಂದು ಸ್ಕ್ರೂ ತಿರುಗಿಸಿ ಮುಚ್ಚಲು ಹೋದರೆ ಒಳ್ಳೆಯದಾಗಿದ್ದ ಬಾಕ್ಸ್ ಕೂಡ ಹಾಳು. ಹಾಗಾಗಿ ಹುಡುಕುವುದು ಟೈರಿನಿಂದ ಮೇಲಕ್ಕೆ. ಬಾಕ್ಸ್ ಕೊನೆಗೆ.

(ಪದ್ಮಿನಿಯನ್ನು ವಿಂಟೇಜ್ ಅಂದರೆ ನಿಜವಾದ ಸಂಗ್ರಹಕಾರರು ನಗುತ್ತಾರೆ. ಅವರ ಲೆಕ್ಕದಲ್ಲಿ ವಿಂಟೇಜ್ ಅಂದರೆ 1919ರಿಂದ 1930ರ ಒಳಗಿನ ಗಾಡಿ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಕ್ಕೆ 2021ರಲ್ಲಿ ಬಂದ ತಿದ್ದುಪಡಿ ಇನ್ನೂ ಉದಾರವಾಗಿದೆ: ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ಮೂಲ ರೂಪದಲ್ಲೇ ಇದ್ದರೆ ವಿಂಟೇಜ್. ಪದ್ಮಿನಿ ಅನ್ನುವ ಹೆಸರು ಬಂದದ್ದೇ 1974ರಲ್ಲಿ. ನನ್ನದಕ್ಕೆ ಇನ್ನೂ ಸ್ವಲ್ಪ ವಯಸ್ಸಾಗಬೇಕು. ಸವೆತಕ್ಕೆ ಮಾತ್ರ ಈ ಲೆಕ್ಕ ಯಾವುದೂ ಗೊತ್ತಿಲ್ಲ.)

ಒಳಗೆ ಏನೇನಿದೆ

ಪದ್ಮಿನಿ ಅಂದರೆ ಇಟಲಿಯ ಫಿಯೆಟ್ 1100. ಅದರಲ್ಲಿ ಇರುವುದು ವರ್ಮ್ ಮತ್ತು ರೋಲರ್ ಬಗೆಯ ಸ್ಟೀರಿಂಗ್ ಬಾಕ್ಸ್. ಸ್ಟೀರಿಂಗ್ ಕಂಬದ ತುದಿಯಲ್ಲಿ ಸ್ಕ್ರೂ ಥರದ ವರ್ಮ್, ಅದಕ್ಕೆ ಕಚ್ಚಿಕೊಂಡು ಒಂದು ರೋಲರ್. ರೋಲರ್ ಇರುವ ಶಾಫ್ಟಿನ ಕೆಳತುದಿಗೆ ಡ್ರಾಪ್ ಆರ್ಮ್. ನಮ್ಮ ಗಾಡಿಗಳಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಬಾಕ್ಸ್ ಬಲಗಡೆ, ಅದಕ್ಕೆ ಜೋಡಿಯಾಗಿ ಎಡಗಡೆ ಐಡ್ಲರ್ ಆರ್ಮ್. ಇವೆರಡರ ನಡುವೆ ಒಂದು ಉದ್ದ ರಾಡ್, ಎರಡೂ ಬದಿಗೆ ಚಕ್ರದ ಕಡೆ ಒಂದೊಂದು ಟೈ ರಾಡ್. ಈ ಮೂರು ರಾಡ್‌ಗಳ ತುದಿ ಎಣಿಸಿದರೆ ಆರು, ಒಂದೊಂದರಲ್ಲೂ ಬಟ್ಟಲಲ್ಲಿ ಗುಂಡು ಕೂತ ಹಾಗಿರುವ ಒಂದು ಬಾಲ್ ಜಾಯಿಂಟ್. ಚಕ್ರ ಎಡಕ್ಕೆ ಬಲಕ್ಕೆ ಹೊರಳುವುದು ಕಿಂಗ್ ಪಿನ್ ಮೇಲೆ. ಅದಕ್ಕೆ ಮೇಲೆ ಕೆಳಗೆ ಬುಷ್, ಅಂದರೆ ಪಿನ್ ಕೂರುವ ಸಣ್ಣ ಕೊಳವೆ. ಇಷ್ಟರಲ್ಲಿ ಯಾವುದು ಬೇಕಾದರೂ ಸವೆಯಬಹುದು. ಸಾಮಾನ್ಯವಾಗಿ ಎಲ್ಲವೂ ಸವೆದಿರುತ್ತವೆ, ಒಂದೊಂದು ಒಂದೊಂದು ಅಳತೆಯಲ್ಲಿ.

ಮೊದಲು ಅಳೆಯಿರಿ

"ತುಂಬಾ ಆಡ್ತಿದೆ" ಅನ್ನುವುದು ಅಳತೆಯಲ್ಲ. ಚಕ್ರ ನೇರ ಇಟ್ಟು, ಗಾಡಿ ಸಮ ನೆಲದ ಮೇಲೆ ನಿಲ್ಲಿಸಿ. ಸ್ಟೀರಿಂಗ್ ಅಂಚಿಗೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ. ಡ್ಯಾಶ್‌ಬೋರ್ಡಿಗೆ ಒಂದು ಬಿದಿರು ಕಡ್ಡಿಯನ್ನು ಟೇಪ್ ಹಾಕಿ, ಅದರ ತುದಿ ಸ್ಟೀರಿಂಗ್ ಅಂಚಿನ ಹತ್ತಿರ ಬರುವ ಹಾಗೆ ಮಾಡಿ. ಈಗ ಹೊರಗೆ ನಿಂತು, ಕಿಟಕಿಯಿಂದ ಒಂದು ಕೈ ಹಾಕಿ, ಮುಂದಿನ ಟೈರನ್ನೇ ನೋಡುತ್ತಾ ಸ್ಟೀರಿಂಗನ್ನು ಒಂದೇ ಬೆರಳಲ್ಲಿ ಎಡಕ್ಕೆ ತಳ್ಳಿ. ಟೈರು ಅಲ್ಲಾಡಲು ಶುರುವಾದ ಕೂಡಲೇ ನಿಲ್ಲಿಸಿ, ಕಡ್ಡಿಯ ಎದುರು ಪೆನ್ನಿಂದ ಗೆರೆ ಹಾಕಿ. ಬಲಕ್ಕೂ ಹಾಗೇ. ಎರಡು ಗೆರೆಗಳ ನಡುವಿನ ದೂರವೇ ನಿಮ್ಮ ಆಟ.

ನನ್ನ ಗಾಡಿಯಲ್ಲಿ ಗ್ಯಾರೇಜಿನವರು ಬಿಗಿ ಮಾಡಿದ ಸ್ಕ್ರೂವನ್ನು ಮೊದಲಿನಂತೆ ಹಿಂದಕ್ಕೆ ಬಿಟ್ಟು ಅಳೆದೆ. 70 ಮಿ.ಮೀ. ಬಂತು. ಸ್ಟೀರಿಂಗ್ ಅಡ್ಡಳತೆ ಸುಮಾರು 40 ಸೆ.ಮೀ., ಅಂದರೆ ಆಟ 20 ಡಿಗ್ರಿ ಆಯಿತು.

ಇಲ್ಲೊಂದು ತಮಾಷೆ ಇದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೀರಿಂಗ್ ಆಟ 30 ಡಿಗ್ರಿ ಮೀರಬಾರದು ಅನ್ನುತ್ತದೆ. ನನ್ನ ಸ್ಟೀರಿಂಗಿನಲ್ಲಿ 30 ಡಿಗ್ರಿ ಅಂದರೆ ಹತ್ತು ಸೆಂಟಿಮೀಟರಿಗೂ ಜಾಸ್ತಿ! ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ 38 ಸೆ.ಮೀ. ಸ್ಟೀರಿಂಗಿಗೆ ಬಾಕ್ಸ್ ಇರುವ ಗಾಡಿಯಾದರೆ 75 ಮಿ.ಮೀ., ರ್‍ಯಾಕ್ (ಬಾಕ್ಸ್ ಬದಲು ಹಲ್ಲಿರುವ ಸರಳು) ಇರುವ ಗಾಡಿಯಾದರೆ 13 ಮಿ.ಮೀ. ತನಕ ಬಿಡುತ್ತಾರೆ. ಎರಡು ದೇಶದ ಲೆಕ್ಕದಲ್ಲೂ ನನ್ನ ಗಾಡಿ ಪಾಸ್. ಓಡಿಸುವವನು ಮಾತ್ರ ಫೇಲ್. ಅದೇ 98ನೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದು ನಿಜಕ್ಕೂ ಮುಖ್ಯ: ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಲೇಬೇಕು, ಬೋಲ್ಟು ಪಿನ್ನುಗಳು ಬಿಚ್ಚಿಕೊಳ್ಳದ ಹಾಗೆ ಲಾಕ್ ಆಗಿರಬೇಕು. ಹರಿದ ರಬ್ಬರ್ ಅಂದರೆ ಒಳಗೆ ಮಣ್ಣು. ಮಣ್ಣು ಗ್ರೀಸಿನ ಜೊತೆ ಸೇರಿದರೆ ಸಾಣೆ ಪೇಸ್ಟ್ ಆದ ಹಾಗೆ.

ಟೈರು ಏನು ಹೇಳುತ್ತದೆ

ಮುಂದಿನ ಎರಡೂ ಟೈರಿನ ಗಾಳಿ ಸಮ ಮಾಡಿ. ಒಂದು ರೇಡಿಯಲ್, ಒಂದು ಹಳೆ ನೈಲಾನ್ ಟೈರು ಹಾಕಿದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಮಾತು. ಗಾಡಿ ಒಂದು ಕಡೆ ಎಳೆಯುತ್ತಿದ್ದರೆ ಎಡ ಬಲ ಟೈರು ಅದಲು ಬದಲು ಮಾಡಿ ನೋಡಿ. ಎಳೆತವೂ ಬದಿ ಬದಲಿಸಿದರೆ ತಪ್ಪು ಟೈರಿನದ್ದು.

ಆಮೇಲೆ ಅಂಗೈಯನ್ನು ಟೈರಿನ ಮೇಲೆ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಾಗೆ ಗೀರಿದರೆ ಟೋ (ಮುಂದಿನ ಎರಡು ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಅಳತೆ) ತಪ್ಪಿದೆ. ಒಂದೇ ಅಂಚು ಬೋಳಾಗಿದ್ದರೆ ಚಕ್ರ ವಾಲಿದೆ, ಕಿಂಗ್ ಪಿನ್ ಅಥವಾ ಸಸ್ಪೆನ್ಷನ್ ಆರ್ಮ್ ಬುಷ್ ಮೇಲೆ ಅನುಮಾನ ಇಡಿ. ಅಲ್ಲಲ್ಲಿ ಹಳ್ಳ ಬಿದ್ದು ತಟ್ಟೆ ಇಡ್ಲಿ ಜೋಡಿಸಿದ ಹಾಗೆ ಕಂಡರೆ ಚಕ್ರ ಕುಣಿಯುತ್ತಾ ಓಡಿದೆ: ಶಾಕ್ ಅಬ್ಸಾರ್ಬರ್, ಬೇರಿಂಗ್, ಬ್ಯಾಲೆನ್ಸಿಂಗ್, ಕಿಂಗ್ ಪಿನ್ ಎಲ್ಲ ನೋಡಬೇಕು.

ಒಬ್ಬರು ಮೇಲೆ, ಒಬ್ಬರು ಕೆಳಗೆ

ಇಡೀ ತಪಾಸಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ತಿಳಿಸಿಕೊಡುವ ಹೆಜ್ಜೆ ಇದು. ದುಡ್ಡು ಖರ್ಚಿಲ್ಲ, ಇನ್ನೊಂದು ಜೀವ ಬೇಕು ಅಷ್ಟೇ. ಚಕ್ರಗಳ ಮೇಲೆ ಗಾಡಿಯ ಭಾರ ಇರಬೇಕು. ಗಾಡಿ ಎತ್ತಿಬಿಟ್ಟರೆ ಚಕ್ರ ಸುಲಭವಾಗಿ ತಿರುಗುತ್ತದೆ, ಸವೆದ ಜಾಯಿಂಟ್ ಸುಮ್ನೆ ಜೊತೆಗೆ ಹೋಗಿಬಿಡುತ್ತದೆ, ಆಟ ಕಾಣುವುದಿಲ್ಲ. ನಾನು ಮುಂದಿನ ಚಕ್ರಗಳನ್ನು ಎರಡು ದಪ್ಪ ಮರದ ತೊಲೆ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟೆ. ವಾಟರ್ ಸರ್ವಿಸ್ ಅಂಗಡಿಯ ರ್‍ಯಾಂಪ್ ಸಿಕ್ಕರೆ ಇನ್ನೂ ಒಳ್ಳೆಯದು.

ಮಗಳನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ. "ಪೂರ್ತಿ ತಿರುಗಿಸಬೇಡ. ಗಡಿಯಾರದಲ್ಲಿ ಹನ್ನೊಂದರಿಂದ ಒಂದಕ್ಕೆ, ಒಂದರಿಂದ ಹನ್ನೊಂದಕ್ಕೆ, ಅಷ್ಟೇ. ನಿಲ್ಲಿಸಬೇಡ" ಅಂದೆ. ನಾನು ಕೆಳಗೆ ಮಲಗಿ ಒಂದೊಂದು ಜಾಯಿಂಟ್ ಮೇಲೂ ಬೆರಳಿಟ್ಟೆ. ಹೇಗೆ ಅಂದರೆ, ತೋರುಬೆರಳು ರಾಡಿನ ತುದಿಯ ಮೇಲೆ, ಹೆಬ್ಬೆರಳು ಅದು ಕೂತಿರುವ ಆರ್ಮ್ ಮೇಲೆ. ಎರಡೂ ಒಟ್ಟಿಗೆ ಹೋದರೆ ಜಾಯಿಂಟ್ ಚೆನ್ನಾಗಿದೆ. ಒಂದು ಬೆರಳು ಮೊದಲು ಹೊರಟು, ಇನ್ನೊಂದು ಆಮೇಲೆ ಹೊರಟರೆ ಅಲ್ಲಿ ಆಟ ಇದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರ್ ಕೂಡ ಬೆರಳಿಗೆ ಗೊತ್ತಾಗುತ್ತದೆ. ಜಾಯಿಂಟ್ ಒಳಗಿಂದ 'ಟಿಕ್' ಅಂತ ಒಂದು ಸಣ್ಣ ಪೆಟ್ಟೂ ಬೆರಳಿಗೆ ಬಡಿಯುತ್ತದೆ.

ಮೊದಲ ಅಚ್ಚರಿ ಕಾದಿದ್ದು ಬಾಕ್ಸ್ ಹತ್ತಿರ. ಬಾಕ್ಸ್ ಒಳಗಲ್ಲ, ಬಾಕ್ಸೇ! ಅವಳು ತಿರುಗಿಸಿದಾಗಲೆಲ್ಲ ಇಡೀ ಬಾಕ್ಸ್ ಒಂದು ಚೂರು ಸರಿದು ವಾಪಸ್ ಬರುತ್ತಿತ್ತು. ಅದನ್ನು ಬಾಡಿಗೆ ಹಿಡಿದಿರುವ ಬೋಲ್ಟುಗಳು ಸಡಿಲ. ಎಷ್ಟು ವರ್ಷದಿಂದ ಹಾಗಿತ್ತೋ. "ಸಾಕಾ ಅಪ್ಪಾ, ಕೈ ನೋಯ್ತಿದೆ" ಅಂತ ಮೇಲಿಂದ ಕೂಗು. ಪಾನಾ ತಗೊಂಡು ಬಿಗಿ ಮಾಡಿದೆ. ಮತ್ತೆ ಟೇಪ್ ನೋಡಿದರೆ 58 ಮಿ.ಮೀ. ಒಂದು ರೂಪಾಯಿ ಖರ್ಚಿಲ್ಲದೆ 12 ಮಿ.ಮೀ. ಹೋಗಿತ್ತು. ನಿಮ್ಮ ಗಾಡಿಯಲ್ಲೂ ಬಾಕ್ಸ್ ಅಲ್ಲಾಡುತ್ತಿದ್ದರೆ ಬೋಲ್ಟ್ ಬಿಗಿ ಮಾಡುವ ಮುನ್ನ ಸುತ್ತಲಿನ ತಗಡನ್ನು ವೈರ್ ಬ್ರಷ್ ಹಾಕಿ ಉಜ್ಜಿ ನೋಡಿ. ಅಲ್ಲಿ ಬಿರುಕು ಇದ್ದರೆ ಅದು ವೆಲ್ಡಿಂಗ್ ಕೆಲಸ. ಬೋಲ್ಟ್ ಬಿಗಿ ಮಾಡಿ ಮರೆತುಬಿಡುವ ಕೆಲಸ ಅಲ್ಲ.

ಎರಡನೆಯದು ಐಡ್ಲರ್ ಆರ್ಮ್. ಇದನ್ನು ನೋಡುವವರೇ ಕಡಿಮೆ, ಯಾಕೆಂದರೆ ಅದು ಬಾಕ್ಸ್ ಇಲ್ಲದ ಕಡೆ ಮೂಲೆಯಲ್ಲಿ ಕೂತಿರುತ್ತದೆ. ಆರ್ಮ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅದು ಅಡ್ಡಕ್ಕೆ ಮಾತ್ರ ತಿರುಗಬೇಕು, ಮೇಲೆ ಕೆಳಗೆ ಏಳಬಾರದು. ನನ್ನದು ಕೋಳಿ ಕತ್ತಿನ ಹಾಗೆ ಆಡುತ್ತಿತ್ತು. ಐಡ್ಲರ್ ಸಡಿಲ ಆದರೆ ಬಲಚಕ್ರ ಮಾತು ಕೇಳುತ್ತದೆ, ಎಡಚಕ್ರ ತಡವಾಗಿ ಕೇಳುತ್ತದೆ. ಗುಂಡಿಗೆ ಇಳಿದು ಹತ್ತಿದಾಗ ಟೋ ತಾನೇ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸಿ ಒಂದು ವಾರಕ್ಕೇ ಮತ್ತೆ ಗಾಡಿ ಎಳೆಯಲು ಶುರುವಾದರೆ ಮೊದಲು ನೋಡಬೇಕಾದ ಜಾಗ ಇದೇ.

ಮೂರನೆಯದು ಟೈ ರಾಡ್ ಎಂಡ್‌ಗಳು. ಆರರಲ್ಲಿ ಎರಡು ಹೋಗಿದ್ದವು: ಬಲಗಡೆ ಹೊರಗಿನದು, ಎಡಗಡೆ ಒಳಗಿನದು. ಇವನ್ನು ನೋಡುವಾಗ ರಾಡನ್ನು ಕೈಯಲ್ಲಿ ಹಿಡಿದು ಸುಮ್ನೆ ಉರುಳಿಸಿದರೆ ಅದು ಸ್ವಲ್ಪ ಉರುಳುತ್ತದೆ. ಅದು ದೋಷ ಅಲ್ಲ, ಬಾಲ್ ಜಾಯಿಂಟ್ ಇರುವುದೇ ಹಾಗೆ. ನೋಡಬೇಕಾದದ್ದು ತಳ್ಳಿದಾಗ ಎಳೆದಾಗ ಆಗುವ ಆಟ.

ಕೊನೆಗೆ ಡ್ರಾಪ್ ಆರ್ಮ್. ಸ್ಟೀರಿಂಗ್ ಕಂಬ ತಿರುಗಿಯೂ ಡ್ರಾಪ್ ಆರ್ಮ್ ಕಾಯುತ್ತಿದ್ದರೆ, ಆಗ ಮಾತ್ರ ಬಾಕ್ಸ್ ಒಳಗೆ ಆಟ ಇದೆ ಅಂತ. ಡ್ರಾಪ್ ಆರ್ಮ್ ತಿರುಗುವ ಬದಲು ಮೊದಲು ಪಕ್ಕಕ್ಕೆ ವಾಲಿದರೆ ಅದರ ಶಾಫ್ಟಿನ ಬುಷ್ ಹೋಗಿದೆ. ಇದಕ್ಕೆ ಯಾವ ಸ್ಕ್ರೂ ಬಿಗಿ ಮಾಡಿದರೂ ಉಪಯೋಗ ಇಲ್ಲ. ಇನ್ನು ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಎದೆ ಕಡೆಗೆ ಎಳೆದು, ತಳ್ಳಿ ನೋಡಿ. ಉದ್ದಕ್ಕೆ ಆಡಿದರೆ ವರ್ಮ್ ಬೇರಿಂಗ್ ಸಡಿಲ. ಮೇಲೆ ಕೆಳಗೆ ಕುಲುಕಿದರೆ ಕಂಬದ ಮೇಲಿನ ಬುಷ್. ಅದರಿಂದ ಕಿರಿಕಿರಿ ಜಾಸ್ತಿ, ಅಪಾಯ ಕಡಿಮೆ.

ಕಿಂಗ್ ಪಿನ್ನಾ, ಬೇರಿಂಗಾ?

ಈಗ ಗಾಡಿ ಎತ್ತಬೇಕು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಸ್ಟ್ಯಾಂಡ್. ಸಿಮೆಂಟ್ ಇಟ್ಟಿಗೆ ಕೊಟ್ಟು ಕೆಳಗೆ ನುಗ್ಗುವವರನ್ನು ಈಗಲೂ ನೋಡುತ್ತೇನೆ. ಆ ಇಟ್ಟಿಗೆ ಬಿರುಕು ಬಿಡುವ ಮುಂಚೆ ಹೇಳಿ ಕೇಳಿ ಬರುವುದಿಲ್ಲ. ಸ್ಪ್ರಿಂಗ್ ಕೂತಿರುವ ಆರ್ಮ್ ಕೆಳಗೆ ಜಾಕ್ ಕೊಟ್ಟು ಎತ್ತಿ. ಹಾಗೆ ಮಾಡಿದರೆ ಸ್ಪ್ರಿಂಗಿನ ಒತ್ತಡ ಜಾಕ್ ಮೇಲೆ ಹೋಗಿ ಕಿಂಗ್ ಪಿನ್ ಹಗುರಾಗುತ್ತದೆ, ಆಟ ಬಯಲಾಗುತ್ತದೆ. ಬಾಡಿ ಕೆಳಗೆ ಕೊಟ್ಟರೆ ಸ್ಪ್ರಿಂಗ್ ಒತ್ತಿಕೊಂಡೇ ಇರುವುದರಿಂದ ಸವೆದ ಪಿನ್ ಕೂಡ ಗಟ್ಟಿಯಾಗಿದ್ದಂತೆ ನಟಿಸುತ್ತದೆ.

ಟೈರಿನ ನೆತ್ತಿಗೆ ಒಂದು ಕೈ, ಕೆಳಗೆ ಒಂದು ಕೈ. ಒಂದನ್ನು ತಳ್ಳಿ ಇನ್ನೊಂದನ್ನು ಎಳೆಯಿರಿ. ಲೊಡ್ ಲೊಡ್ ಅಂದಿತಾ? ಈಗ ಒಳಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಆರ್ಮ್ ಬುಷ್. ಬ್ರೇಕ್ ಒತ್ತಿದಾಗ ಡ್ರಮ್ಮು ಬ್ರೇಕ್ ಪ್ಲೇಟಿಗೆ ಅಂಟಿಕೊಂಡು, ನಡುವಿನ ಬೇರಿಂಗ್ ಆಟ ಕಟ್ ಆಗುತ್ತದೆ. ಉಳಿದದ್ದೆಲ್ಲ ಅದರ ಆಚೆಯದ್ದು. ಗ್ಯಾರೇಜಿಗೆ ಹೋದಾಗ ಅವರು ಬ್ರೇಕ್ ಒತ್ತಿಸದೆಯೇ "ಕಿಂಗ್ ಪಿನ್ ಹೋಗಿದೆ" ಅಂದರೆ, ಒಂದು ಸಲ ಒತ್ತಿಸಿ ನೋಡಿ ಅಂತ ಕೇಳಿ. ಬೇರಿಂಗ್ ಬಿಗಿ ಮಾಡುವುದು ಅರ್ಧ ಗಂಟೆ ಕೆಲಸ, ಕಿಂಗ್ ಪಿನ್ ಎರಡು ದಿನದ್ದು.

ಆಮೇಲೆ ಟೈರಿನ ಕೆಳಗೆ ಹಾರೆ ತೂರಿಸಿ ಮೇಲಕ್ಕೆ ಮೀಟಿ. ಚಕ್ರ ಎದ್ದು ಬಿದ್ದರೆ ಕಿಂಗ್ ಪಿನ್ ಕೆಳಗಿನ ಥ್ರಸ್ಟ್ ವಾಷರ್ ಸವೆದಿದೆ.

ಕಿಂಗ್ ಪಿನ್ ಸವೆತ ಟೇಪಿನ ಮೇಲೆ ಜಾಸ್ತಿ ಕಾಣುವುದಿಲ್ಲ. ಅದರ ಲಕ್ಷಣ ಬೇರೆ. ಒಂದು ಗುಂಡಿ ಹಾರಿದ ಮೇಲೆ ಗಾಡಿಯ ಮುಂಭಾಗ ಗಡಗಡ ನಡುಗಿ, ವೇಗ ತಗ್ಗಿಸಿದ ಮೇಲೇ ನಿಲ್ಲುತ್ತದೆ. ಬ್ಯಾಲೆನ್ಸಿಂಗ್ ತಪ್ಪಿದ್ದರೆ ಗುಂಡಿ ಬೇಕಾಗಿಲ್ಲ. ಒಂದು ವೇಗದಲ್ಲಿ ಬರುತ್ತದೆ, ಆ ವೇಗ ದಾಟಿದರೆ ಹೋಗುತ್ತದೆ.

ಬದಲಿಸುವ ಕೆಲಸ

ಟೈ ರಾಡ್ ಎಂಡ್ ಮನೆಯಲ್ಲೇ ಬದಲಿಸಬಹುದು. ಸ್ಪ್ಲಿಟ್ ಪಿನ್ ತೆಗೆದು, ಕ್ಯಾಸಲ್ ನಟ್ ನಾಲ್ಕೈದು ಸುತ್ತು ಬಿಡಿಸಿ, ಆದರೆ ಪೂರ್ತಿ ತೆಗೆಯಬೇಡಿ. ತೆಗೆದರೆ ಬಿಟ್ಟುಕೊಂಡ ರಾಡ್ ಮುಖಕ್ಕೇ ಬರುತ್ತದೆ. ಟೇಪರ್, ಅಂದರೆ ಜಾಯಿಂಟಿನ ಬೋಲ್ಟಿನಲ್ಲಿ ಸಪೂರವಾಗುತ್ತಾ ಹೋಗುವ ಭಾಗ, ಕಚ್ಚಿಕೊಂಡಿರುತ್ತದೆ. ಬೋಲ್ಟಿನ ತುದಿಗೆ ಸುತ್ತಿಗೆ ಹೊಡೆಯುವುದು ಎಲ್ಲರೂ ಮಾಡುವ ತಪ್ಪು. ಥ್ರೆಡ್ ಹಾಳಾಗುತ್ತದೆ, ಜಾಯಿಂಟ್ ಬಿಡುವುದಿಲ್ಲ. ಹೊಡೆಯಬೇಕಾದದ್ದು ಆರ್ಮ್‌ನ ಕಣ್ಣಿಗೆ (ಟೇಪರ್ ಕೂತಿರುವ ತೂತಿನ ಸುತ್ತಿನ ಲೋಹಕ್ಕೆ), ಪಕ್ಕದಿಂದ. ಒಂದು ಭಾರದ ಸುತ್ತಿಗೆಯನ್ನು ಕಣ್ಣಿನ ಒಂದು ಬದಿಗೆ ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ನಾಲ್ಕು ಏಟು. ಕಣ್ಣು ಒಂದು ಕ್ಷಣ ಅದುರಿ ಟೇಪರ್ ತಾನೇ ಬಿಡುತ್ತದೆ. ಬಾಲ್ ಜಾಯಿಂಟ್ ಪುಲ್ಲರ್ ಇದ್ದರೆ ಅದನ್ನೇ ಹಾಕಿ.

ಹಳೆಯದನ್ನು ರಾಡಿನಿಂದ ಬಿಚ್ಚುವ ಮುಂಚೆ ಎರಡು ತುದಿಗಳ ನಡುವಿನ ದೂರ ಅಳೆದು ಬರೆದುಕೊಳ್ಳಿ. ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಿ. ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್ ಇರುತ್ತದೆ. ಅಂಗಡಿಯಲ್ಲಿ ಕೇಳುವಾಗ ಯಾವುದು ಅಂತ ಹೇಳದಿದ್ದರೆ ಎರಡು ಸಲ ಓಡಾಡಬೇಕು, ನಾನು ಓಡಾಡಿದ ಹಾಗೆ.

ಬಿಡಿಭಾಗದ ಮಾತಿಗೆ ಬಂದರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈಗಲೂ ಕೇಳಿದರೆ ಸಿಗುತ್ತದೆ. ಆದರೆ ಮೊದಲಿನ ಹಾಗಲ್ಲ. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳು ಇರುವ ತನಕ ಪದ್ಮಿನಿಯ ಸಾಮಾನು ಓಡುತ್ತಿತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಈಗ ಸಿಗುವುದರಲ್ಲಿ ಹಳೆ ಸ್ಟಾಕೂ ಇದೆ, ಹೆಸರಿಲ್ಲದ ಹೊಸ ಮಾಲೂ ಇದೆ. ಹಳೆ ಸ್ಟಾಕ್ ಆದರೆ ರಬ್ಬರ್ ಟೋಪಿಯನ್ನು ಮಡಚಿ ನೋಡಿ, ಹಪ್ಪಳದ ಹಾಗೆ ಒಡೆದರೆ ರಬ್ಬರ್ ಬೇರೆ ತಗೊಳ್ಳಿ. ಹೊಸ ಮಾಲಾದರೆ ಟೇಪರ್ ನೋಡಬೇಕು. ಟೇಪರ್ ಉದ್ದಕ್ಕೂ ಸ್ಕೆಚ್ ಪೆನ್ನಲ್ಲಿ ನಾಲ್ಕು ಗೆರೆ ಎಳೆದು, ಆರ್ಮ್‌ನ ಒರೆಸಿದ ಕಣ್ಣಿಗೆ ಹಾಕಿ, ಒತ್ತಿ ಒಂದು ಸಲ ತಿರುಗಿಸಿ ತೆಗೆಯಿರಿ. ಗೆರೆ ಮೇಲಿಂದ ಕೆಳತನಕ ಅಳಿಸಿದ್ದರೆ ಸರಿ ಕೂತಿದೆ. ಮೇಲೆ ಮಾತ್ರ ಅಥವಾ ಕೆಳಗೆ ಮಾತ್ರ ಅಳಿಸಿದ್ದರೆ ವಾಪಸ್ ಕೊಡಿ. ನನಗೆ ಸಿಕ್ಕ ಮೊದಲನೆಯದು ಹಾಗೇ ಇತ್ತು. ಅಂಗಡಿಯವರು "ನಟ್ ಟೈಟ್ ಮಾಡಿದ್ರೆ ಕೂರುತ್ತೆ ಸಾರ್" ಅಂದರು. ಕೂರುತ್ತೆ, ಆಮೇಲೆ ಒಂದು ದಿನ ಏಳುತ್ತೆ.

ಟೇಪರ್‌ಗೆ ಗ್ರೀಸ್ ಸವರಬೇಡಿ, ಒಣಗಿದ್ದೇ ಇರಬೇಕು. ನಟ್ ಬಿಗಿ ಮಾಡಿದಾಗ ಸ್ಪ್ಲಿಟ್ ಪಿನ್ ತೂತು ಸರಿಹೋಗದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ಸರಿಹೊಂದಿಸಿ, ಹಿಂದಕ್ಕೆ ಬಿಡಬೇಡಿ. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದು. ಮೊಳೆ ಬಗ್ಗಿಸಿ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದೂ ನನ್ನದೇ ಗಾಡಿಯಲ್ಲಿ.

ಐಡ್ಲರ್ ಬುಷ್ ಮಾಡಿಸಿದ ಮೇಲೆ ಟೇಪ್ 45 ತೋರಿಸಿತು. ಎರಡು ಟೈ ರಾಡ್ ಎಂಡ್ ಹಾಕಿದ ಮೇಲೆ 28.

ಕಿಂಗ್ ಪಿನ್ ಮನೆಯ ಕೆಲಸ ಅಲ್ಲ. ಪಿನ್ ತಿರುಗದಂತೆ ಹಿಡಿದಿರುವ ಲಾಕ್ ಪಿನ್ ಮೊದಲು ಬರಬೇಕು. ಅದು ತುಕ್ಕು ಹಿಡಿದು ಕೂತಿರುತ್ತದೆ. ಅದು ಬಂದಿದೆಯಾ ಅಂತ ನೋಡದೆ ಕಿಂಗ್ ಪಿನ್ ಬಡಿಯುತ್ತಾ ಕೂತರೆ ಎರಡೂ ಹಾಳು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಇಡೀ ಜೋಡಣೆ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ, ಪ್ರೆಸ್‌ನಲ್ಲಿ ತೆಗೆಯುತ್ತಾರೆ. ಹೊಸ ಬುಷ್ ಒತ್ತಿದ ಮೇಲೆ ರೀಮರ್ ಹಾಕಿ ಅಳತೆಗೆ ತರಬೇಕು. ಮೇಲಿನ ಕೆಳಗಿನ ಎರಡೂ ಬುಷ್ ಒಂದೇ ನೇರದಲ್ಲಿ ಬರುವಂತೆ ಉದ್ದನೆಯ ರೀಮರ್ ಹಾಕಬೇಕು. ಬೇರೆ ಬೇರೆಯಾಗಿ ಹಾಕಿದರೆ ಪಿನ್ ಓರೆಯಾಗಿ ಕೂರುತ್ತದೆ. ಎಣ್ಣೆ ಸವರಿದ ಪಿನ್ ಹೆಬ್ಬೆರಳಲ್ಲಿ ಒತ್ತಿದರೆ ಹೋಗಬೇಕು, ತಾನಾಗಿ ಬೀಳಬಾರದು. ಸುತ್ತಿಗೆಯಲ್ಲಿ ಹೊಡೆದರೆ ಮಾತ್ರ ಹೋಗುತ್ತಿದ್ದರೆ ಇನ್ನೊಂದು ಸಲ ರೀಮರ್.

ಇನ್ನೊಂದು ಸಣ್ಣ ವಿಷಯ, ಆದರೆ ಇಡೀ ಖರ್ಚು ನಿಂತಿರುವುದು ಅದರ ಮೇಲೆ. ಬುಷ್‌ನ ಗ್ರೀಸ್ ತೂತು ನಿಪ್ಪಲ್‌ನ ತೂತಿಗೆ ನೇರ ಬರಬೇಕು. ಬುಷ್ ಒತ್ತುವಾಗ ಸ್ವಲ್ಪ ತಿರುಗಿದರೂ ತೂತು ಮುಚ್ಚಿಹೋಗುತ್ತದೆ. ನೀವು ತಿಂಗಳು ತಿಂಗಳೂ ಗ್ರೀಸ್ ಗನ್ ಒತ್ತುತ್ತೀರಿ, ಒಳಗೆ ಒಂದು ಹನಿ ಹೋಗಿರುವುದಿಲ್ಲ. ಜೋಡಿಸಿದ ಮೇಲೆ ಲೇತ್ ಅಂಗಡಿಯಲ್ಲೇ ಗ್ರೀಸ್ ಹೊಡೆದು ನೋಡಿ. ಪಿನ್ನಿನ ಅಂಚಿನಲ್ಲಿ ಸುತ್ತಲೂ ಗ್ರೀಸ್ ಇಣುಕಿದರೆ ಸರಿ. ನಾನು ಈಗ 1,000 ಕಿ.ಮೀ.ಗೆ ಒಂದು ಸಲ ಗ್ರೀಸ್ ಹೊಡೆಯುತ್ತೇನೆ, ಹಳೇದು ಕಪ್ಪಾಗಿ ಹೊರಬಂದು ಹೊಸದು ಕಾಣುವ ತನಕ.

ಈಗ ಬಾಕ್ಸ್

ಮೊದಲು ಎಣ್ಣೆ. ಈ ಬಾಕ್ಸ್‌ಗೆ ಬೇಕಾದದ್ದು 90 ನಂಬರ್ ಗೇರ್ ಆಯಿಲ್. ಕೆಳಗಿನ ಸೀಲ್ ಸೋರುತ್ತದೆ ಅಂತ ಎಷ್ಟೋ ಗಾಡಿಗಳಿಗೆ ಗ್ರೀಸ್ ತುಂಬಿರುತ್ತಾರೆ. ಗ್ರೀಸ್ ಸೋರುವುದಿಲ್ಲ ನಿಜ. ಆದರೆ ವರ್ಮ್ ಅದನ್ನು ಒಂದು ಸಲ ಪಕ್ಕಕ್ಕೆ ತಳ್ಳಿದರೆ ಅದು ವಾಪಸ್ ಹರಿದು ಬರುವುದಿಲ್ಲ, ರೋಲರ್ ಒಣಗಿಕೊಂಡೇ ಉಜ್ಜುತ್ತದೆ. ನನ್ನ ಬಾಕ್ಸ್‌ನಲ್ಲೂ ಬೆಲ್ಲದ ಪಾಕದಂಥ ಕಂದು ಗ್ರೀಸ್ ಇತ್ತು. ಡೀಸೆಲ್ ಹಾಕಿ ತೊಳೆದು, ಸೀಲ್ ಬದಲಿಸಿ, ಎಣ್ಣೆ ಹಾಕಿದೆ.

ಆಮೇಲೆ ಸ್ಕ್ರೂ, ರೋಲರನ್ನು ವರ್ಮ್ ಕಡೆಗೆ ಒತ್ತುವಂಥದ್ದು. ಡ್ರಾಪ್ ಆರ್ಮ್‌ನಿಂದ ರಾಡ್ ಬಿಚ್ಚಿಡಿ, ಚಕ್ರಗಳ ಭಾರ ಬಾಕ್ಸ್‌ಗೆ ಬರಬಾರದು. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ತನ್ನಿ. ಇಂಥ ಬಾಕ್ಸ್‌ಗಳನ್ನು ಮಾಡಿರುವುದೇ ನಡುವೆ ಬಿಗಿ, ಎರಡು ಕೊನೆಗೆ ಹೋದಂತೆ ಸಡಿಲ ಆಗುವ ಹಾಗೆ. ನಾವು ಓಡಿಸುವುದು ಹೆಚ್ಚಾಗಿ ನೇರ ರಸ್ತೆಯಲ್ಲಿ, ಹಾಗಾಗಿ ಸವೆಯುವುದೂ ನಡುವೆಯೇ ಜಾಸ್ತಿ. ಲಾಕ್ ನಟ್ ಬಿಡಿಸಿ, ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ, ನಟ್ ಬಿಗಿ ಮಾಡಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ಎಲ್ಲೂ ಕೈಗೆ ಬಿಗಿ ಸಿಗಬಾರದು. ಸರಿ ಇದ್ದರೆ ಇನ್ನೊಂದು ಎಂಟನೇ ಭಾಗ. ನಡುವೆ ಇನ್ನೂ ಸಡಿಲ, ಕೊನೆಯಲ್ಲಿ ಆಗಲೇ ಬಿಗಿ ಅಂತಾದರೆ ವರ್ಮ್ ನಡುವೆ ತೀರಾ ಸವೆದಿದೆ. ಅಲ್ಲಿಗೆ ಸ್ಕ್ರೂ ಕೆಲಸ ಮುಗಿಯಿತು, ಬೇರೆ ವರ್ಮ್ ರೋಲರ್ ಹುಡುಕಬೇಕು. ಗ್ಯಾರೇಜಿನವರು ನನ್ನ ಗಾಡಿಗೆ ನಡುವಿನ ಆಟ ಮಾತ್ರ ಲೆಕ್ಕ ಹಾಕಿ ಬಿಗಿ ಮಾಡಿದ್ದರಿಂದಲೇ ಸರ್ಕಲ್‌ನಲ್ಲಿ ಹಾಗೆ ಕಚ್ಚಿಕೊಂಡದ್ದು.

ನನಗೆ ಎರಡು ಎಂಟನೇ ಭಾಗ ಸಾಕಾಯಿತು. ಟೇಪ್ 20 ಮಿ.ಮೀ. ತೋರಿಸಿತು. ಈ ವಯಸ್ಸಿನ ಬಾಕ್ಸ್‌ಗೆ ಅದಕ್ಕಿಂತ ಕಡಿಮೆ ಮಾಡಲು ನಾನು ಹೋಗಲಿಲ್ಲ.

ಎಲ್ಲ ಸರಿ ಇದ್ದೂ ಸ್ಟೀರಿಂಗ್ ವಾಪಸ್ ಬರುತ್ತಿಲ್ಲವಾ? ಆಗ ಟೈ ರಾಡ್ ಬಿಚ್ಚಿ, ಎತ್ತಿದ ಚಕ್ರವನ್ನು ಕೈಯಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿ. ಬಾಗಿಲ ಹಾಗೆ ತಿರುಗಬೇಕು. ಬಿಗಿ ಇದ್ದರೆ ಕಿಂಗ್ ಪಿನ್ ಒಣಗಿದೆ.

ಟೋ, ಮನೆಯಲ್ಲೇ

ಟೈ ರಾಡ್ ಮುಟ್ಟಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಪದ್ಮಿನಿ ಹೆಸರೇ ಪಟ್ಟಿಯಲ್ಲಿ ಇಲ್ಲದೆ ಅವರು ತಲೆ ಕೆರೆದುಕೊಳ್ಳುತ್ತಾರೆ. ಅಲ್ಲಿಗೆ ಹೋಗುವಷ್ಟಾದರೂ ಮನೆಯಲ್ಲಿ ಸರಿಮಾಡಿಕೊಳ್ಳಬಹುದು. ಗಾಡಿಯನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತಳ್ಳಿ ನಿಲ್ಲಿಸಿ. ಎರಡೂ ಮುಂದಿನ ಟೈರಿನ ಹಿಂಬದಿಯಲ್ಲಿ, ಚಕ್ರದ ನಡುವಿನ ಎತ್ತರದಲ್ಲಿ, ಚಾಕ್‌ಪೀಸಿನಿಂದ ಒಂದೊಂದು ಗುರುತು. ಎರಡು ಗುರುತುಗಳ ನಡುವಿನ ದೂರ ಅಳೆಯಿರಿ. ಈಗ ಗಾಡಿ ಮುಂದಕ್ಕೆ ತಳ್ಳಿ, ಚಕ್ರ ಅರ್ಧ ಸುತ್ತು ತಿರುಗಿ ಅದೇ ಗುರುತುಗಳು ಮುಂಬದಿಗೆ ಬರಲಿ. ಮತ್ತೆ ಅಳೆಯಿರಿ. ಅದೇ ಗುರುತುಗಳನ್ನು ಬಳಸುವುದರಿಂದ ರಿಮ್ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ಅಳತೆ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಬರಬೇಕು. ಹಿಂದಿನ ಚಕ್ರ ತಳ್ಳುವ ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮಿ.ಮೀ. ನಿಮ್ಮ ಮಾಡೆಲ್‌ನ ಪುಸ್ತಕ ಇದ್ದರೆ ಅದರ ಅಂಕಿಯೇ ಅಂತಿಮ. ಎರಡೂ ಬದಿಯ ಟೈ ರಾಡ್‌ಗಳನ್ನು ಸಮವಾಗಿ ತಿರುಗಿಸಿ, ಇಲ್ಲದಿದ್ದರೆ ಗಾಡಿ ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ.

ಅಂಬಾಸಿಡರ್ ಇರುವವರಿಗೆ

ಅಂಬಾಸಿಡರ್ ಅಂದರೆ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಅದರಲ್ಲಿ ಬಾಕ್ಸ್ ಇಲ್ಲ, ಡ್ರಾಪ್ ಆರ್ಮ್ ಇಲ್ಲ, ಐಡ್ಲರ್ ಇಲ್ಲ, ಇರುವುದು ರ್‍ಯಾಕ್ ಮತ್ತು ಪಿನಿಯನ್. ಆದ್ದರಿಂದ 20 ಮಿ.ಮೀ. ಆಟ ನನಗೆ ಖುಷಿ, ನಿಮಗೆ ದೂರು. ಒಬ್ಬರು ಮೇಲೆ ಒಬ್ಬರು ಕೆಳಗೆ ಇದ್ದು ಮಾಡುವ ಪರೀಕ್ಷೆ ನಿಮಗೂ ಅದೇ. ರ್‍ಯಾಕ್ ಹಿಡಿದಿರುವ ಕ್ಲ್ಯಾಂಪ್ ಸಡಿಲ ಇದೆಯಾ, ಹೊರಗಿನ ಬಾಲ್ ಜಾಯಿಂಟ್ ಆಡುತ್ತಿದೆಯಾ ನೋಡಿ. ಒಳಗಿನ ಬಾಲ್ ಜಾಯಿಂಟ್ ಮಡಿಕೆ ರಬ್ಬರ್ ಒಳಗೆ ಅಡಗಿರುತ್ತದೆ, ರಬ್ಬರನ್ನು ಹೊರಗಿನಿಂದ ಹಿಂಡಿ ಹಿಡಿದರೆ 'ಟಿಕ್' ಸಿಗುತ್ತದೆ. ಆ ಮಡಿಕೆ ರಬ್ಬರ್ ಹರಿದಿದ್ದರೆ ಉಳಿದದ್ದನ್ನು ನಾಳೆ ನೋಡಿ, ಅದನ್ನು ಇವತ್ತೇ ಬದಲಿಸಿ. ನೀರು ಮಣ್ಣು ಹೋದ ರ್‍ಯಾಕ್ ಸರಿಮಾಡಲು ಆಗುವ ಖರ್ಚಿಗೆ ರಬ್ಬರ್ ಏನೇನೂ ಅಲ್ಲ.

ಕೆಲಸ ಮುಗಿದು 100 ಕಿ.ಮೀ. ಓಡಿದ ಮೇಲೆ ಇನ್ನೊಂದು ಸಲ ಪಾನಾ ಹಿಡಿದು ಕೆಳಗೆ ನುಗ್ಗಬೇಕು. ನಂಜನಗೂಡಿಗೆ ಎರಡು ಸಲ ಹೋಗಿ ಬಂದ ಮೇಲೆ ನೋಡಿದಾಗ ಬಾಕ್ಸ್ ಬೋಲ್ಟುಗಳು ಅಲುಗಲಿಲ್ಲ, ಸ್ಪ್ಲಿಟ್ ಪಿನ್ನುಗಳು ಇದ್ದಲ್ಲೇ ಇದ್ದವು. ಬಲಗಡೆ ಟೈ ರಾಡ್‌ನ ಕ್ಲ್ಯಾಂಪ್ ಬೋಲ್ಟ್ ಮಾತ್ರ ಕಾಲು ಸುತ್ತು ಬಂತು. ಬಿಳಿ ಟೇಪ್ ಇನ್ನೂ ಸ್ಟೀರಿಂಗ್ ಮೇಲೇ ಇದೆ, ಮಗಳು ಅದರ ಪಕ್ಕ 20 ಅಂತ ಬರೆದು ತಾರೀಖು ಹಾಕಿದ್ದಾಳೆ.